ಕಡಲು ಕಾಪಾಡಿದ ಎಂಜಿನು

ಭಾರತೀಯ ಕಥಾಸಾಹಿತ್ಯದಲ್ಲಿ ಹಡಗು ಒಡೆದಾಗ ಸಾಮಾನ್ಯವಾಗಿ ಒಂದು ಹಲಗೆ ಉಳಿಯುತ್ತದೆ. ಹರ್ಷನ ‘ರತ್ನಾವಳಿ’ಯ ಸಿಂಹಳ ರಾಜಕುಮಾರಿ ಅಂತಹ ಹಲಗೆಯೊಂದನ್ನು ಹಿಡಿದು ಬದುಕುತ್ತಾಳೆ, ಹೆಸರನ್ನೂ ಕುಲವನ್ನೂ ಮರೆಮಾಚಿಕೊಂಡು ವತ್ಸರಾಜನ ಅರಮನೆಯಲ್ಲಿ ಪರಿಚಾರಿಕೆಯಾಗಿ ನಿಲ್ಲುತ್ತಾಳೆ. ಬೃಹತ್ಕಥೆಯ ಪರಂಪರೆಯ ವರ್ತಕರೂ ಜೈನ ಕಥೆಗಳಲ್ಲಿ ಬರುವ ಚಾರುದತ್ತನಂತಹ ಸಾಹಸಿಗಳೂ ಇದೇ ರೀತಿಯಲ್ಲಿ ದಡ ಮುಟ್ಟುತ್ತಾರೆ. ಹಳಗನ್ನಡದಲ್ಲಿ ಬೈತ್ರವೆಂದು ಕರೆಸಿಕೊಂಡ ಆ ಹಡಗುಗಳು ಮರದವು. ಮರ ತೇಲುತ್ತದೆ, ಆದುದರಿಂದ ಮುಳುಗಿದ ಹಡಗಿನ ತುಣುಕೊಂದು ದಡಕ್ಕೆ ಬರುವುದು ಕವಿಗಳಿಗೆ ಸಹಜವಾಗಿ ತೋರಿತು. ಕಥೆ ಮುಂದುವರಿಯಲು ಅಷ್ಟು ಸಾಕಾಗಿತ್ತು.

ಹತ್ತೊಂಬತ್ತನೆಯ ಶತಮಾನದ ನಡುವಿಗೆ ಹಡಗು ಕಬ್ಬಿಣದ್ದಾಯಿತು. ಗಾಳಿಯ ಕೆಲಸವನ್ನು ಹಬೆ ವಹಿಸಿಕೊಂಡಿತು. ಅಂದಿನಿಂದ ನೌಕಾಭಂಗದ ಅವಶೇಷವೂ ಬೇರೆಯಾಯಿತು. ಇಂದು ಕಡಲಂಚಿನಲ್ಲಿ ನಡೆಯುವವನಿಗೆ ಎದುರಾಗುವ ಹಳೆಯ ಹಡಗಿನ ಕುರುಹು ಹಲವು ಕಡೆ ಹಲಗೆಯಾಗಿರುವುದಿಲ್ಲ. ತುಕ್ಕು ಹಿಡಿದ ಎಂಜಿನೋ ಬಾಯ್ಲರೋ ಆಗಿರುತ್ತದೆ. ಅಲೆ ಅದನ್ನು ತಂದು ಎಸೆಯಿತೆಂದು ನೋಡುವವನು ಭಾವಿಸುತ್ತಾನೆ. ಟನ್ನುಗಟ್ಟಲೆ ತೂಗುವ ಎರಕದ ಕಬ್ಬಿಣವನ್ನು ಅಲೆ ಹಾಗೆ ಹೊತ್ತು ತರುವುದು ಅಪರೂಪ. ಬಹುಪಾಲು ಸಂದರ್ಭಗಳಲ್ಲಿ ಎಂಜಿನು ಹಡಗು ಒಡೆದ ಸ್ಥಳದಲ್ಲಿಯೇ ಬಿದ್ದಿರುತ್ತದೆ. ಬಂದುಹೋಗುವುದು ಅದರ ಸುತ್ತಣ ಮರಳು ಮಾತ್ರ.

ಈ ವ್ಯಾಪಾರ ಸರಳವಾದುದು. ದಡಕ್ಕೆ ಬಡಿದ ಕಬ್ಬಿಣದ ಹಡಗಿನ ಮೈಹಾಳೆಗಳು ತೆಳುವಾದವು. ಅಲೆಯ ಹೊಡೆತದಿಂದ ಅವುಗಳ ರಿವೆಟ್ಟುಗಳು ಸಡಿಲಾಗುತ್ತವೆ. ಉಪ್ಪುನೀರಿನಲ್ಲಿ ಹಾಳೆಗಳು ಕೆಲವು ದಶಕಗಳೊಳಗೆ ಚೂರಾಗಿ ಹರಡಿಹೋಗುತ್ತವೆ. ಬಾಯ್ಲರಿನ ತಗಡು ಹಬೆಯ ಒತ್ತಡವನ್ನು ತಡೆಯಲೆಂದೇ ದಪ್ಪವಾಗಿ ಮಾಡಿದ್ದು. ಎಂಜಿನಿನ ಸಿಲಿಂಡರುಗಳೂ ತಳಹದಿಯೂ ಎರಕದ ಗಟ್ಟಿಗಳು. ಹಡಗಿನ ಆಕಾರವೆಲ್ಲ ಕರಗಿದ ಮೇಲೂ ಇವು ಉಳಿಯುತ್ತವೆ. ಮಳೆಗಾಲದ ಅಥವಾ ಚಳಿಗಾಲದ ಬಿರುಗಾಳಿ ತೀರದ ಮರಳನ್ನು ಕೊರೆದೊಯ್ದಾಗ ಹೊರಗೆ ಕಾಣಿಸಿಕೊಳ್ಳುತ್ತವೆ. ಶಾಂತವಾದ ಋತುವಿನಲ್ಲಿ ಮರಳು ಮರಳಿ ಬಂದು ಅವುಗಳನ್ನು ಮುಚ್ಚುತ್ತದೆ. ಒಂದು ಊರಿನವರು ತಲೆಮಾರಿಗೊಮ್ಮೆ ಅದೇ ಯಂತ್ರವನ್ನು ಹೊಸದಾಗಿ ಕಂಡುಹಿಡಿಯುವುದು ಇದರಿಂದಲೇ.

ಅಮೆರಿಕದ ಆರೆಗಾನ್ ತೀರದಲ್ಲಿ ಬಾಯ್ಲರ್ ಬೇ ಎಂಬ ಕೊಲ್ಲಿಯಿದೆ. 1910ರಲ್ಲಿ ಬೆಂಕಿಗೆ ಸಿಕ್ಕಿ ದಡಕ್ಕೆ ಬಡಿದ ‘ಜೆ. ಮಾರ್ಹಾಫರ್’ ಎಂಬ ಹಬೆಹಡಗಿನ ಬಾಯ್ಲರು ನೀರಿಳಿತದ ಹೊತ್ತಿನಲ್ಲಿ ಅಲ್ಲಿ ಕಾಣುತ್ತದೆ. ಕೊಲ್ಲಿಗೆ ಹೆಸರು ಬಂದುದು ಅದರಿಂದ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಲ್ಯಾಂಡ್ಸ್ ಎಂಡ್ ಎಂಬ ಬಂಡೆಗಾಡಿನ ಕೆಳಗೆ, ‘ಲೈಮನ್ ಸ್ಟೂವರ್ಟ್’ ಮತ್ತು ‘ಫ್ರ್ಯಾಂಕ್ ಎಚ್. ಬಕ್’ ಎಂಬ ಎರಡು ತೈಲನೌಕೆಗಳ ಅವಶೇಷಗಳಿವೆ. ಅವು ಅವಳಿ ಹಡಗುಗಳು. ಎರಡೂ 1914ರಲ್ಲಿ ಅದೇ ನಗರದಲ್ಲಿ ಕಟ್ಟಿದವು. ಮೊದಲನೆಯದು 1922ರಲ್ಲಿ, ಎರಡನೆಯದು 1937ರಲ್ಲಿ ಬೇರೆ ಹಡಗುಗಳಿಗೆ ಡಿಕ್ಕಿಯಾಗಿ ಬಂದು ಬಹುತೇಕ ಒಂದೇ ಎಡೆಯಲ್ಲಿ ನೆಲಕಚ್ಚಿದವು. ನೀರು ಇಳಿದಾಗ ಅಲ್ಲಿ ತಲೆಯೆತ್ತುವ ಕಬ್ಬಿಣದ ದಿಮ್ಮಿಯನ್ನು ದಾರಿಹೋಕರು ನಿಂತು ನೋಡುತ್ತಾರೆ, ಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ.

ಹೀಗೆ ನೋಡಿ ಹೋಗುವುದಕ್ಕೂ ಓದುವುದಕ್ಕೂ ಇರುವ ಅಂತರ ಶಾಸನಗಳೊಡನೆ ಒಡನಾಡಿದವರಿಗೆ ಗೊತ್ತಿರುವಂಥದು. ಊರ ಹೊರಗೆ ಮಣ್ಣಿನಲ್ಲಿ ಅರ್ಧ ಹೂತ ಕಲ್ಲು ಎಲ್ಲರಿಗೂ ಕಾಣುತ್ತದೆ. ಅದು ನಿಸಿದಿಯೋ ವೀರಗಲ್ಲೋ ದಾನಶಾಸನವೋ ಎಂದು ತಿಳಿಯಬೇಕಾದರೆ ಮಣ್ಣು ತೆಗೆದು, ಕಲ್ಲನ್ನು ತೊಳೆದು, ಪಡಿಯಚ್ಚು ತೆಗೆದು, ಅಕ್ಷರದ ಕಾಲವನ್ನು ನಿರ್ಣಯಿಸಬೇಕು. ಯಂತ್ರವನ್ನು ಹಾಗೆ ಓದಲು ಸಾಧ್ಯವೇ? ಸಾಧ್ಯವಾದರೆ ಕಾಗದದ ದಾಖಲೆಗಳಲ್ಲಿ ಇಲ್ಲದ ಏನನ್ನು ಅದು ತಿಳಿಸೀತು? ಈ ಪ್ರಶ್ನೆಗೆ ತೂಕದ ಉತ್ತರ ಸಿಕ್ಕಿದ್ದು ಪಶ್ಚಿಮ ಆಸ್ಟ್ರೇಲಿಯದ ಒಂದು ಸಣ್ಣ ಬಂದರಿನಲ್ಲಿ, ‘ಜಾಂಥೋ’ ಎಂಬ ಹಡಗಿನ ಎಂಜಿನಿನಿಂದ.

ಜಾಂಥೋ ಗ್ರೀಕ್ ಪುರಾಣದ ಒಬ್ಬ ಸಮುದ್ರಕನ್ಯೆಯ ಹೆಸರು. ಆ ಹೆಸರಿನ ಕಬ್ಬಿಣದ ಹಡಗನ್ನು 1848ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್ ಊರಿನಲ್ಲಿ ಡೆನ್ನಿ ಸಹೋದರರು ಕಟ್ಟಿದರು. ಎರಡು ಪಕ್ಕಗಳಲ್ಲಿ ದೊಡ್ಡ ಚಕ್ರಗಳನ್ನು ತಿರುಗಿಸುತ್ತ ಸಾಗುವ ಚಕ್ರನೌಕೆ ಅದು. ಸ್ಕಾಟ್ಲೆಂಡಿನ ತೀರದಲ್ಲಿ ಜನರನ್ನೂ ಸರಕನ್ನೂ ಸಾಗಿಸುತ್ತ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿಯಿತು. ಸವೆದು ಹಳತಾದ ಮೇಲೆ, 1871ರಲ್ಲಿ ಗ್ಲಾಸ್ಗೋ ನಗರದ ಲೋಹದ ವ್ಯಾಪಾರಿಯೊಬ್ಬನ ಕೈಸೇರಿತು. ಆತ ಅದನ್ನು ಒಡೆದು ತೂಕಕ್ಕೆ ಮಾರಲಿಲ್ಲ. ಚಕ್ರಗಳನ್ನೂ ಹಳೆಯ ಯಂತ್ರವನ್ನೂ ಕಳಚಿಹಾಕಿ, ಬ್ರಿಟಿಷ್ ನೌಕಾಪಡೆಯಲ್ಲಿ ಬಳಕೆಯಾಗಿದ್ದ ಮತ್ತೊಂದು ಹಳೆಯ ಎಂಜಿನನ್ನು ಒಳಗಿರಿಸಿ, ಹಿಂದೆ ಪ್ರೊಪೆಲರು ಜೋಡಿಸಿ ಮಾರಾಟಕ್ಕೆ ನಿಲ್ಲಿಸಿದ.

ಕೊಂಡವನು ಚಾರ್ಲ್ಸ್ ಎಡ್ವರ್ಡ್ ಬ್ರಾಡ್‌ಹರ್ಸ್ಟ್. 1860ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದ ವಾಯವ್ಯ ಭಾಗಕ್ಕೆ ಬಂದು ಕುರಿಸಾಕಣೆಗೆ ಕೈಹಾಕಿ, ಅದು ಕೈಗೂಡದೆ ಮುತ್ತುಚಿಪ್ಪಿನ ವ್ಯಾಪಾರಕ್ಕೆ ತಿರುಗಿದ ಸಾಹಸಿ. ಆ ತೀರದ ಉದ್ದ ಸಾವಿರಾರು ಮೈಲಿ; ರಸ್ತೆಯಿಲ್ಲ, ರೈಲಿಲ್ಲ; ಹಾಯಿಹಡಗುಗಳು ಗಾಳಿಯ ದಯೆಗೆ ಕಾಯಬೇಕು. ಹಬೆಯ ಹಡಗೊಂದಿದ್ದರೆ ಚಿಪ್ಪನ್ನೂ ಆಳುಗಳನ್ನೂ ಸಾಮಾನನ್ನೂ ನಿಶ್ಚಿತ ದಿನಕ್ಕೆ ಸಾಗಿಸಬಹುದೆಂಬುದು ಆತನ ಲೆಕ್ಕ. ಆ ವಸಾಹತಿನ ಕರಾವಳಿಯಲ್ಲಿ ದುಡಿದ ಮೊದಲ ಹಬೆಹಡಗೆಂದು ಜಾಂಥೋವನ್ನು ಇತಿಹಾಸಕಾರರು ಗುರುತಿಸುತ್ತಾರೆ.

ಅದರ ದುಡಿಮೆ ಒಂದು ವರ್ಷವೂ ತುಂಬಲಿಲ್ಲ. 1872ರ ನವೆಂಬರಿನಲ್ಲಿ ಪರ್ತ್ ನಗರದಿಂದ ಸುಮಾರು ಐನೂರು ಕಿಲೋಮೀಟರು ಉತ್ತರದಲ್ಲಿರುವ ಪೋರ್ಟ್ ಗ್ರೆಗರಿಯಲ್ಲಿ ಸೀಸದ ಅದಿರನ್ನು ಹೇರಿಕೊಂಡು ದಕ್ಷಿಣದ ಜೆರಾಲ್ಡ್‌ಟನ್ ಕಡೆಗೆ ಹೊರಟಿತು. ಹೇರು ಮಿತಿಮೀರಿತ್ತು, ಹಡಗಿನ ಮೈ ಹಳೆಯದಾಗಿತ್ತು. ಕಡಲಿಗಿಳಿದ ಸ್ವಲ್ಪ ಹೊತ್ತಿನಲ್ಲಿಯೇ ಒಳಗೆ ನೀರು ತುಂಬತೊಡಗಿತು. ಮರಳಿ ಬಂದರಿಗೆ ತಿರುಗಿಸಿದರು. ಬಂದರಿನ ಬಾಯಿಯಲ್ಲಿ ಮರಳದಿಬ್ಬಕ್ಕೆ ತಗುಲಿ, ದಡ ಕಣ್ಣೆದುರಿಗಿರುವಂತೆಯೇ, ಆಳವಿಲ್ಲದ ನೀರಿನಲ್ಲಿ ಕುಳಿತುಬಿಟ್ಟಿತು. ಎತ್ತಲು ನಡೆಸಿದ ಪ್ರಯತ್ನ ಫಲಿಸಲಿಲ್ಲ.

ಮೇಲ್ನೋಟಕ್ಕೆ ಇದು ಮೂರ್ಖತನದ ಕಥೆಯಂತೆ ಕಾಣುತ್ತದೆ. ಗುಜರಿಯ ವ್ಯಾಪಾರಿಯಿಂದ ಮುದಿ ಹಡಗು; ಅದರೊಳಗೆ ಎಂಜಿನೂ ಬೇರೆಯವರು ಬಳಸಿ ಬಿಟ್ಟದ್ದು; ಅದನ್ನು ಕೊಂಡು ಭೂಮಿಯ ಇನ್ನೊಂದು ತುದಿಗೆ ಒಯ್ದು, ಕಲ್ಲಿದ್ದಲೂ ಕಮ್ಮಟವೂ ಇಲ್ಲದ ಕಡೆ ನಡೆಸಿ, ಮಿತಿಮೀರಿ ಹೇರಿ ಮುಳುಗಿಸಿದ ಮನುಷ್ಯ. ಕಾಗದಪತ್ರಗಳು ಹೇಳುವಷ್ಟನ್ನೇ ನಂಬಿದರೆ ತೀರ್ಪು ಅಲ್ಲಿಗೆ ಮುಗಿಯುತ್ತಿತ್ತು. ಮುಂದಿನ ನೂರು ವರ್ಷ ಮುಗಿದೂ ಇತ್ತು.

1979ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕಡಲ ಪುರಾತತ್ತ್ವ ಸಂಘದ ಹವ್ಯಾಸಿ ಮುಳುಗುಗಾರರು ಹಡಗಿನ ಜಾಗವನ್ನು ಗುರುತಿಸಿದರು. ಆ ರಾಜ್ಯದ ವಸ್ತುಸಂಗ್ರಹಾಲಯ ಆಗ ಡಚ್ಚರ ಹಡಗುಗಳಿಗೆ ಹೆಸರಾಗಿತ್ತು. 1629ರಲ್ಲಿ ಒಡೆದ ‘ಬಟಾವಿಯ’ದಂತಹ ಮರದ ನೌಕೆಗಳ ಅವಶೇಷಗಳನ್ನು ಎತ್ತಿ ಕಾಪಾಡುವ ಕೆಲಸದಲ್ಲಿ ತೊಡಗಿತ್ತು. ಕಬ್ಬಿಣದ ಹಬೆಹಡಗುಗಳ ವಿಷಯದಲ್ಲಿ ಅಂದಿನ ವಿದ್ವತ್ ವಲಯದ ಧೋರಣೆ ಬೇರೆ. ಹತ್ತೊಂಬತ್ತನೆಯ ಶತಮಾನದ ಹಡಗುಗಳಿಗೆ ನಕ್ಷೆಗಳಿವೆ, ಲೆಕ್ಕಪುಸ್ತಕಗಳಿವೆ, ಪತ್ರಿಕಾವರದಿಗಳಿವೆ. ಅಷ್ಟೆಲ್ಲ ಬರಹ ಇರುವಾಗ ತುಕ್ಕು ಹಿಡಿದ ಕಬ್ಬಿಣವನ್ನು ಅಗೆದು ತಿಳಿಯಬೇಕಾದುದೇನು ಎಂಬ ಸಂಶಯ ಹಲವರಲ್ಲಿತ್ತು. ಬರಹ ಇರುವಲ್ಲಿ ವಸ್ತು ಅನಗತ್ಯವೆಂಬ ಈ ನಂಬಿಕೆ ಸಾಹಿತ್ಯದ ವಿದ್ಯಾರ್ಥಿಗಳಿಗೂ ಅಪರಿಚಿತವಲ್ಲ. ಅಚ್ಚಾದ ಪಠ್ಯ ಕೈಯಲ್ಲಿರುವಾಗ ಓಲೆಗರಿಯ ಕಟ್ಟನ್ನು ಬಿಚ್ಚುವ ತೊಂದರೆ ಏಕೆಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ.

1983ರಲ್ಲಿ ಪುರಾತತ್ತ್ವಜ್ಞ ಮೈಕೆಲ್ ಮೆಕಾರ್ತಿ ನೀರಿನೊಳಗಣ ಅವಶೇಷದ ಸಮೀಕ್ಷೆಗೆ ಇಳಿದರು. ಲೋಹಗಳ ಸವಕಳಿಯ ಶಾಸ್ತ್ರದಲ್ಲಿ ಪರಿಣತರಾದ ಇಯಾನ್ ಮೆಕ್‌ಲಿಯಡ್ ಈ ಕಾರ್ಯದಲ್ಲಿ ಜೊತೆಗೂಡಿದರು. ಏನನ್ನೂ ಅಲುಗಿಸುವ ಮೊದಲು ಅಲ್ಲಿನ ಜೀವಿಗಳನ್ನೂ ನೀರಿನ ಗುಣವನ್ನೂ ಕಬ್ಬಿಣ ಎಷ್ಟು ವೇಗದಲ್ಲಿ ಸವೆಯುತ್ತಿದೆಯೆಂಬುದನ್ನೂ ಅಳೆದು ನೋಡಿದರು. ಅಲ್ಲಿ ಅವರಿಗೆ ಅನಿರೀಕ್ಷಿತವಾದುದೊಂದು ಕಂಡಿತು. ಹವಳ, ಸಿಂಪಿ, ಸುಣ್ಣದ ಪದರಗಳು ಮುತ್ತಿಕೊಂಡಿದ್ದ ಆ ಗಟ್ಟಿಯ ಆಕಾರ ಸರಕುಹಡಗಿನಲ್ಲಿ ಇರಬೇಕಾದ ಎಂಜಿನಿನ ಆಕಾರವಾಗಿರಲಿಲ್ಲ. ಅದು ಯುದ್ಧನೌಕೆಗಳಿಗಾಗಿ ರೂಪಿಸಿದ, ಟ್ರಂಕ್ ಎಂಜಿನೆಂದು ಹೆಸರಾದ ಅಡ್ಡಯಂತ್ರ.

ಆ ಯಂತ್ರದ ರಚನೆಯನ್ನು ಸ್ವಲ್ಪ ವಿವರಿಸಬೇಕು. ಸಾಮಾನ್ಯ ಹಬೆಯಂತ್ರದಲ್ಲಿ ಪಿಸ್ಟನ್ನಿಗೆ ಒಂದು ದಂಡ, ಆ ದಂಡದ ತುದಿಗೆ ಮತ್ತೊಂದು ದಂಡ, ಅದರ ತುದಿಯಲ್ಲಿ ತಿರುಗುವ ಕ್ರ್ಯಾಂಕು ಇರುತ್ತದೆ. ಇವೆಲ್ಲಕ್ಕೂ ಉದ್ದನೆಯ ಜಾಗ ಬೇಕು. ಟ್ರಂಕ್ ಎಂಜಿನಿನಲ್ಲಿ ಪಿಸ್ಟನ್ನಿನ ನಡುವೆ ಅಗಲವಾದ ಟೊಳ್ಳು ಕೊಳವೆಯಿದ್ದು, ಕ್ರ್ಯಾಂಕಿಗೆ ಹೋಗುವ ದಂಡ ಆ ಕೊಳವೆಯ ಒಳಗೇ ಸಂಧಿಸುತ್ತದೆ. ಹೀಗಾಗಿ ಯಂತ್ರದ ಉದ್ದ ಕುಗ್ಗುತ್ತದೆ. ಅದನ್ನು ಹಡಗಿನ ತಳದಲ್ಲಿ ಅಡ್ಡಲಾಗಿ, ನೀರಿನ ಮಟ್ಟಕ್ಕಿಂತ ಕೆಳಗೆ ಮಲಗಿಸಬಹುದು. ಶತ್ರುವಿನ ಗುಂಡು ಅಷ್ಟು ಸುಲಭವಾಗಿ ತಾಗದು. ಗ್ರೀನಿಚ್ಚಿನ ಜಾನ್ ಪೆನ್ ಎಂಬ ಎಂಜಿನಿಯರನ ಕಾರ್ಖಾನೆ ಈ ಬಗೆಯ ಯಂತ್ರಗಳಿಗೆ ಪ್ರಸಿದ್ಧವಾಗಿತ್ತು. 1860ರಲ್ಲಿ ನೀರಿಗಿಳಿದ ಬ್ರಿಟನ್ನಿನ ‘ವಾರಿಯರ್’ ಯುದ್ಧನೌಕೆಯ ಎಂಜಿನೂ ಪೆನ್ನನ ಟ್ರಂಕ್ ಎಂಜಿನೇ.

ಎಂಜಿನು ಅಪರೂಪದ್ದೆಂದು ತಿಳಿದ ಮೇಲೆ ಅದನ್ನು ಎತ್ತಬೇಕೆ, ಅಲ್ಲಿಯೇ ಬಿಡಬೇಕೆ ಎಂಬ ಪ್ರಶ್ನೆ ಬಂತು. ಇಲ್ಲಿ ಕಡಲಿನ ರಸಾಯನಶಾಸ್ತ್ರ ಮನುಷ್ಯನ ಸಾಮಾನ್ಯ ತಿಳಿವಳಿಕೆಯನ್ನು ತಲೆಕೆಳಗು ಮಾಡುತ್ತದೆ. ನೀರಿನಲ್ಲಿರುವ ಕಬ್ಬಿಣ ಹಾಳಾಗುತ್ತದೆ, ಮೇಲೆತ್ತಿ ಒಣಗಿಸಿದರೆ ಉಳಿಯುತ್ತದೆ ಎಂದು ಯಾರೂ ಭಾವಿಸಬಹುದು. ಎರಕದ ಕಬ್ಬಿಣದ ವಿಷಯದಲ್ಲಿ ಇದು ನಿಜವಲ್ಲ. ಉಪ್ಪುನೀರು ಅದರೊಳಗಿನ ಕಬ್ಬಿಣದ ಅಂಶವನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಕರಗದ ಗ್ರಾಫೈಟು ಜಾಲದಂತೆ ಹಾಗೆಯೇ ನಿಂತು ಮೂಲದ ಆಕಾರವನ್ನು ಹಿಡಿದಿಡುತ್ತದೆ. ಹೊರಗಿನಿಂದ ನೋಡಿದರೆ ಯಂತ್ರ ಅಖಂಡ. ಮೇಲ್ಪದರ ಮಾತ್ರ ಪೆನ್ಸಿಲಿನ ಸೀಸದಷ್ಟು ಮೃದು. ಉಗುರಿನಿಂದ ಗೀರಿದರೂ ಗೆರೆ ಮೂಡಬಹುದು.

ಅಷ್ಟೇ ಅಲ್ಲ. ಸುಣ್ಣದ ಕವಚದ ಒಳಗೆ ಉಪ್ಪಿನ ಕ್ಲೋರೈಡು ಲೋಹದ ರಂಧ್ರ ರಂಧ್ರಗಳಲ್ಲಿ ಸೇರಿಕೊಂಡಿರುತ್ತದೆ. ಅಂತಹ ವಸ್ತುವನ್ನು ಎತ್ತಿ ಗಾಳಿಗೆ ಒಡ್ಡಿದೊಡನೆ ಆಮ್ಲಜನಕ ಒಳಹೊಕ್ಕು ನೂರು ವರ್ಷ ನಿಧಾನವಾಗಿ ನಡೆದ ಕೆಲಸವನ್ನು ಕೆಲವು ದಿನಗಳಲ್ಲಿ ಮುಗಿಸಿಬಿಡುತ್ತದೆ. ಕಡಲಿನಿಂದ ಎತ್ತಿದ ಫಿರಂಗಿ ಗುಂಡುಗಳು ದಡದ ಮೇಲೆ ತಾವಾಗಿಯೇ ಬಿಸಿಯಾಗಿ ಬಿರುಕುಬಿಟ್ಟದ್ದುಂಟು. ಹವ್ಯಾಸಿಗಳು ಉತ್ಸಾಹದಿಂದ ಎತ್ತಿ ತಂದು ಮನೆಯಂಗಳದಲ್ಲಿ ಇಟ್ಟ ಎಷ್ಟೋ ನಂಗೂರಗಳೂ ಫಿರಂಗಿಗಳೂ ಹಾಳೆಹಾಳೆಯಾಗಿ ಉದುರಿ ಮಣ್ಣುಪಾಲಾಗಿವೆ. ಕಡಲು ಕಾಪಾಡಿದ್ದನ್ನು ಮನುಷ್ಯನ ಪ್ರೀತಿ ಕೊಂದ ಉದಾಹರಣೆಗಳಿವು.

ಆದುದರಿಂದ ಜಾಂಥೋವಿನ ಎಂಜಿನಿಗೆ ಚಿಕಿತ್ಸೆ ನೀರಿನೊಳಗೇ ಆರಂಭವಾಯಿತು. ಕಬ್ಬಿಣಕ್ಕಿಂತ ಬೇಗನೆ ಸವೆಯುವ ಬೇರೊಂದು ಲೋಹದ ಗಟ್ಟಿಗಳನ್ನು ತಂತಿಯ ಮೂಲಕ ಎಂಜಿನಿಗೆ ಜೋಡಿಸಿದರು. ಹೀಗೆ ಜೋಡಿಸಿದಾಗ ಸವಕಳಿಯ ಪಾಲು ಆ ಲೋಹಕ್ಕೆ ಹೋಗುತ್ತದೆ, ಕಬ್ಬಿಣ ಉಳಿಯುತ್ತದೆ. ಒಳಗಿನ ಉಪ್ಪೂ ಮೆಲ್ಲಗೆ ಹೊರಬರತೊಡಗುತ್ತದೆ. ತತ್ತ್ವ ಹಳೆಯದು. ಹಡಗುಗಳ ತಳಕ್ಕೆ ಹೊದಿಸಿದ ತಾಮ್ರವನ್ನು ಕಾಪಾಡಲು ಹಂಫ್ರಿ ಡೇವಿ 1824ರಲ್ಲಿಯೇ ಇದನ್ನು ಪ್ರಯೋಗಿಸಿದ್ದ. ಹೊಸ ಹಡಗುಗಳನ್ನು ಉಳಿಸಲು ಕಂಡುಹಿಡಿದ ಉಪಾಯ ಇಲ್ಲಿ ಸತ್ತ ಹಡಗಿನ ಹೃದಯವನ್ನು ಉಳಿಸಲು ಒದಗಿತು. ಒಂದು ಲೋಹ ತನ್ನನ್ನು ತೆತ್ತು ಇನ್ನೊಂದನ್ನು ಕಾಯುವ ಈ ವಿಧಾನಕ್ಕೆ ಎಂಜಿನಿಯರುಗಳ ಭಾಷೆಯಲ್ಲಿಯೂ ತ್ಯಾಗವೆಂಬ ಅರ್ಥದ ಹೆಸರೇ ಇದೆ.

1985ರಲ್ಲಿ ಎಂಜಿನನ್ನು ಮೇಲೆತ್ತಿ ಫ್ರೀಮ್ಯಾಂಟಲ್ ನಗರದ ಪ್ರಯೋಗಾಲಯಕ್ಕೆ ಸಾಗಿಸಿದರು. ಅಲ್ಲಿ ಅದು ಕ್ಷಾರದ ದ್ರಾವಣ ತುಂಬಿದ ತೊಟ್ಟಿಯಲ್ಲಿ ಮಂದವಾದ ವಿದ್ಯುತ್ಪ್ರವಾಹಕ್ಕೆ ಒಳಗಾಗಿ ವರ್ಷಾನುವರ್ಷ ಮುಳುಗಿ ಕುಳಿತಿತು. ನಡುನಡುವೆ ಹೊರತೆಗೆದು ಸುಣ್ಣದ ಕವಚವನ್ನು ಉಳಿಯಿಂದಲೂ ಸುತ್ತಿಗೆಯಿಂದಲೂ ಅಂಗುಲ ಅಂಗುಲವಾಗಿ ಬಿಡಿಸುತ್ತಿದ್ದರು. ಒಂದು ಭಾಗ ಬಿಡಿಸಿಕೊಂಡರೆ ಅದನ್ನು ಪ್ರತ್ಯೇಕವಾಗಿ ಉಪ್ಪಿಳಿಸಿ, ಗುರುತು ಹಾಕಿ, ಚಿತ್ರ ಬರೆದು ಇಡಬೇಕು. ತಿರುಪುಗಳನ್ನು ತಿರುಗಿಸಿ ತೆಗೆದರು. ನೂರು ವರ್ಷಗಳಿಗೂ ಮೇಲ್ಪಟ್ಟು ಕಡಲಿನಲ್ಲಿದ್ದ ಯಂತ್ರವನ್ನು ಮೊದಲು ಅದನ್ನು ಜೋಡಿಸಿದ ಕೆಲಸಗಾರರು ಯಾವ ಕ್ರಮದಲ್ಲಿ ಜೋಡಿಸಿದ್ದರೋ ಅದರ ಹಿಮ್ಮುಖ ಕ್ರಮದಲ್ಲಿ ಬಿಚ್ಚಿದರು. ಈ ಕೆಲಸ ಎರಡು ದಶಕಗಳಷ್ಟು ಕಾಲ ನಡೆಯಿತು.

ಗ್ರಂಥಸಂಪಾದನೆಯ ಶಿಸ್ತನ್ನು ಬಲ್ಲವರಿಗೆ ಇದು ಪರಿಚಿತ ದಾರಿ. ಪ್ರತಿಕಾರನ ಸ್ಖಾಲಿತ್ಯ, ಗೆದ್ದಲು ತಿಂದ ಅಕ್ಷರ, ನಂತರದವರ ಸೇರ್ಪಡೆ ಇವುಗಳನ್ನು ಒಂದೊಂದಾಗಿ ಬೇರ್ಪಡಿಸುವಾಗ ಮೂಲಕ್ಕೆ ಪೆಟ್ಟಾಗಬಾರದು. ಸಂಪಾದಕನ ಊಹೆ ಮೂಲದ ಮೇಲೆ ಹತ್ತಿ ಕೂರಬಾರದು. ಎಂಜಿನಿನ ಮೇಲಣ ಕವಚವೂ ಒಂದು ಬಗೆಯ ಪಾಠಾಂತರವೇ. ಅದರಲ್ಲಿ ಕಡಲು ಸೇರಿಸಿದ್ದಿದೆ, ತಳದೊಳಗೆ ಸಿಕ್ಕಿದ ಹಡಗಿನ ಚೂರುಗಳಿವೆ, ದುರಸ್ತಿ ಮಾಡಿದವರ ಕೈಗುರುತುಗಳಿವೆ. ಅವಸರದಿಂದ ಒಡೆದು ತೆಗೆದರೆ ಶುಭ್ರವಾದ ಯಂತ್ರ ದಕ್ಕಬಹುದು. ಅದರ ಚರಿತ್ರೆ ದಕ್ಕುವುದಿಲ್ಲ.

ಬಿಚ್ಚಿದಾಗ ಕಂಡ ಸಂಗತಿಗಳಲ್ಲಿ ಒಂದು ತಿರುಪಿಗೆ ಸಂಬಂಧಿಸಿದುದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಪ್ರತಿಯೊಂದು ಕಮ್ಮಟವೂ ತನ್ನದೇ ಅಳತೆಯ ತಿರುಪುಗಳನ್ನು ಮಾಡುತ್ತಿತ್ತು. ಒಂದು ಕಡೆ ಮಾಡಿದ ಬೋಲ್ಟಿಗೆ ಮತ್ತೊಂದು ಕಡೆಯ ನಟ್ಟು ಕೂರುತ್ತಿರಲಿಲ್ಲ. ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರು 1841ರಲ್ಲಿ ತಿರುಪಿನ ಎಳೆಗೆ 55 ಡಿಗ್ರಿ ಕೋನವನ್ನೂ ಪ್ರತಿ ಅಂಗುಲಕ್ಕೆ ಇಂತಿಷ್ಟು ಎಳೆಗಳೆಂಬ ಕಟ್ಟಳೆಯನ್ನೂ ಸೂಚಿಸಿದ. ಮುಂದೆ 1854ರಿಂದ ನಡೆದ ಕ್ರಿಮಿಯ ಯುದ್ಧದಲ್ಲಿ ಬ್ರಿಟಿಷರಿಗೆ ಸಣ್ಣ ತೋಪುದೋಣಿಗಳು ತುರ್ತಾಗಿ ಬೇಕಾದವು. ಅಷ್ಟೊಂದು ಎಂಜಿನುಗಳನ್ನು ಒಂದು ಕಾರ್ಖಾನೆ ಅಷ್ಟು ಬೇಗ ಮಾಡಲಾರದು. ಪೆನ್ ಒಂದು ಮಾದರಿಯನ್ನು ಬಿಚ್ಚಿ ಅದರ ಭಾಗಗಳನ್ನು ಬೇರೆ ಬೇರೆ ಕಮ್ಮಟಗಳಿಗೆ ಹಂಚಿ, ಒಂದೇ ಅಳತೆಯಲ್ಲಿ ಮಾಡಿಸಿ, ತನ್ನಲ್ಲಿ ತಂದು ಜೋಡಿಸಿದನೆಂದು ಎಂಜಿನಿಯರಿಂಗಿನ ಇತಿಹಾಸ ಹೇಳುತ್ತದೆ. ಕಡಲ ಎಂಜಿನುಗಳನ್ನು ಒಂದೇ ಅಚ್ಚಿನಲ್ಲಿ ರಾಶಿರಾಶಿಯಾಗಿ ತಯಾರಿಸುವುದು ಅಲ್ಲಿಂದ ಮೊದಲಾಯಿತು. ಜಾಂಥೋವಿನ ಎಂಜಿನು ಆ ವಂಶಕ್ಕೆ ಸೇರಿದುದು. ಆ ಬಗೆಯ ಯಂತ್ರಗಳಲ್ಲಿ ಉಳಿದು ಬಂದುದಾಗಿ ಗೊತ್ತಿರುವುದು ಇದೊಂದೇ.

ಈಗ ಬ್ರಾಡ್‌ಹರ್ಸ್ಟನ ಮೇಲಿನ ತೀರ್ಪನ್ನು ಮರುವಿಚಾರಣೆಗೆ ತೆಗೆದುಕೊಳ್ಳಬೇಕಾಯಿತು. ಎಂಜಿನಿನ ಸಾಕ್ಷ್ಯ ಎರಡು ಕಡೆಗೂ ಮಾತಾಡುತ್ತದೆ. ತೋಪುದೋಣಿಯ ಯಂತ್ರಕ್ಕೆ ಹಬೆಯನ್ನು ತಣಿಸಿ ಮತ್ತೆ ನೀರಾಗಿಸುವ ಅಂಗವಿರಲಿಲ್ಲ. ಬಳಸಿದ ಹಬೆ ಗಾಳಿಗೆ ಹೋಗುತ್ತಿತ್ತು. ಬಾಯ್ಲರಿಗೆ ಸತತವಾಗಿ ನೀರು ಬೇಕು. ಕುಡಿಯುವ ನೀರಿಗೇ ಕಷ್ಟವಾದ ಮರುಭೂಮಿಯ ತೀರದಲ್ಲಿ ಅಂತಹ ಯಂತ್ರವನ್ನು ನಡೆಸುವುದೆಂದರೆ ಒಂದೋ ಸಿಹಿನೀರನ್ನು ಹುಡುಕಿ ಅಲೆಯಬೇಕು, ಇಲ್ಲವೇ ಉಪ್ಪುನೀರನ್ನು ಕುದಿಸಿ ಬಾಯ್ಲರನ್ನು ಕೆಡಿಸಿಕೊಳ್ಳಬೇಕು. ಈ ದೃಷ್ಟಿಯಿಂದ ಆಯ್ಕೆ ತಪ್ಪಾಗಿತ್ತು.

ಮತ್ತೊಂದು ದೃಷ್ಟಿಯಿಂದ ಅದು ತಿಳಿಗೇಡಿತನವೇನೂ ಅಲ್ಲ. ಯಂತ್ರ ಗಟ್ಟಿಯಾದುದು, ಸರಳವಾದುದು, ಚಿಕ್ಕ ಜಾಗದಲ್ಲಿ ಕೂರುವಂಥದು. ಅದರ ನಟ್ಟು ಬೋಲ್ಟುಗಳು ಸರ್ವಸಾಮಾನ್ಯ ಅಳತೆಯವು. ಒಂದು ಬೋಲ್ಟು ಮುರಿದರೆ ಅದೇ ಅಳತೆಯ ಇನ್ನೊಂದನ್ನು ಬ್ರಿಟಿಷ್ ಸಾಮ್ರಾಜ್ಯದ ಯಾವ ದೊಡ್ಡ ಬಂದರಿನಲ್ಲಾದರೂ ಕೊಳ್ಳಬಹುದು. ಕಮ್ಮಟವಿಲ್ಲದ ನಾಡಿಗೆ ಹೊರಟವನಿಗೆ ಇದು ಸಣ್ಣ ಅನುಕೂಲವಲ್ಲ. ಮೊದಲು ಅಸಂಗತವೆಂದು ಕಂಡ ಆಯ್ಕೆಯ ಹಿಂದೆ ಒಂದು ಲೆಕ್ಕಾಚಾರ ಇದ್ದಿರಬಹುದೆಂದು ಮೆಕಾರ್ತಿ ವಾದಿಸಿದರು. ಪತ್ರಗಳಲ್ಲಿ ಸೋತ ಮನುಷ್ಯನಷ್ಟೇ ಇದ್ದ. ತಿರುಪಿನ ಎಳೆಯಲ್ಲಿ ಯೋಚಿಸಿ ಸೋತವನು ಕಾಣಿಸಿಕೊಂಡ.

ಆದರೆ ಯಂತ್ರದ ಸಾಕ್ಷ್ಯಕ್ಕೆ ತನ್ನದೇ ಆದ ಮೌನವಿದೆ. ಅದನ್ನು ಮರೆತರೆ ಓದು ಅರ್ಧವಾಗುತ್ತದೆ. ಜಾಂಥೋವನ್ನು ತಂದುದು ಮುತ್ತುಚಿಪ್ಪಿನ ವ್ಯಾಪಾರಕ್ಕೆ. ಆ ಕಾಲದಲ್ಲಿ ವಾಯವ್ಯ ಆಸ್ಟ್ರೇಲಿಯದಲ್ಲಿ ಉಸಿರು ಬಿಗಿಹಿಡಿದು ಕಡಲ ತಳಕ್ಕಿಳಿದು ಚಿಪ್ಪು ತರುತ್ತಿದ್ದವರು ಅಲ್ಲಿನ ಮೂಲನಿವಾಸಿಗಳು. ಅವರಲ್ಲಿ ಅನೇಕರನ್ನು ಬಲವಂತದಿಂದ ಹಿಡಿದು ತರಲಾಗುತ್ತಿತ್ತು. ಸ್ತ್ರೀಯರನ್ನು ಮುಳುಗುವ ಕೆಲಸಕ್ಕೆ ಹಚ್ಚಬಾರದೆಂದು ವಸಾಹತಿನ ಸರಕಾರ 1871ರಲ್ಲಿ ಕಾಯಿದೆ ಮಾಡಬೇಕಾಗಿ ಬಂದುದೇ ಅಂದಿನ ಸ್ಥಿತಿಯನ್ನು ಹೇಳುತ್ತದೆ. ಜೊತೆಗೆ ಇಂದಿನ ಇಂಡೊನೇಷ್ಯದ ದ್ವೀಪಗಳಿಂದ ‘ಮಲಯರು’ ಎಂಬ ಒಂದೇ ಹೆಸರಿನಡಿ ಕೂಲಿಗಳನ್ನು ಕರೆತರುತ್ತಿದ್ದರು. ಜಾಂಥೋ ಅಂತಹ ಆಳುಗಳನ್ನು ಸಾಗಿಸಿದ ಹಡಗು.

ಎಂಜಿನಿನಲ್ಲಿ ಗ್ರೀನಿಚ್ಚಿನ ಕಾರ್ಖಾನೆಯ ಗುರುತಿದೆ, ವಿಟ್‌ವರ್ತನ ಕೋನವಿದೆ, ಸ್ಕಾಟ್ಲೆಂಡಿನ ಗುಜರಿ ವ್ಯಾಪಾರಿಯ ಜೋಡಣೆಯಿದೆ. ಆ ಯಂತ್ರದ ಸದ್ದನ್ನು ಹಡಗಿನ ಒಡಲಿನಲ್ಲಿ ಕುಳಿತು ಕೇಳಿದವರ ಗುರುತು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ಇಪ್ಪತ್ತು ವರ್ಷ ಸುಣ್ಣ ಬಿಡಿಸಿದರೂ ಅವರ ಹೆಸರು ಅದರಿಂದ ಹೊರಬರುವುದಿಲ್ಲ. ದಾನಶಾಸನದಲ್ಲಿ ಅರಸನ ಬಿರುದಾವಳಿ ಇರುತ್ತದೆ, ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಕೆಲವೊಮ್ಮೆ ಇರುತ್ತವೆ; ಕಲ್ಲನ್ನು ಗಣಿಯಿಂದ ಎಳೆದು ತಂದವರ ಹೆಸರು ಇರುವುದಿಲ್ಲ. ವಸ್ತುವನ್ನು ಬರಹಕ್ಕಿಂತ ಸತ್ಯವಾದುದೆಂದು ಕೊಂಡಾಡುವವರು ಇದನ್ನು ನೆನಪಿಡಬೇಕು. ಬರಹ ಮರೆಮಾಚಿದ್ದನ್ನು ವಸ್ತು ತೋರಬಹುದು. ಎರಡೂ ಒಟ್ಟಿಗೆ ಮರೆತವರು ಇದ್ದೇ ಇರುತ್ತಾರೆ.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಯೊಂದು ಭಾರತದ ಪಶ್ಚಿಮ ಕರಾವಳಿಯಲ್ಲಿದೆ. 1888ರ ನವೆಂಬರಿನಲ್ಲಿ ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ ‘ವೈತರಣಾ’ ಎಂಬ ಹಬೆಹಡಗು ಸೌರಾಷ್ಟ್ರದ ತೀರದಾಚೆ ಬಿರುಗಾಳಿಗೆ ಸಿಕ್ಕಿ ನೂರಾರು ಜನರೊಡನೆ ಕಾಣೆಯಾಯಿತು. ವಿದ್ಯುದ್ದೀಪಗಳಿದ್ದ ಕಾರಣ ಜನ ಅದನ್ನು ‘ವೀಜಳಿ’, ಎಂದರೆ ಮಿಂಚು, ಎಂದು ಕರೆಯುತ್ತಿದ್ದರು. ಅದರ ಎಂಜಿನು ಯಾವ ತೀರದ ಮರಳಿನಲ್ಲಿಯೂ ತಲೆಯೆತ್ತಲಿಲ್ಲ. ಉಳಿದುದು ಹಾಡು. ಕಪ್ತಾನನಾದ ಹಾಜಿ ಕಾಸಮನ ಹೆಸರಿನಲ್ಲಿ ಗುಜರಾತಿನ ಜನಪದರು ಕಟ್ಟಿದ ಶೋಕಗೀತೆ ಇಂದಿಗೂ ಆ ನಾಡಿನಲ್ಲಿ ಪ್ರಸಿದ್ಧ. ಆ ಹಾಡಿನಲ್ಲಿ ಸಿಲಿಂಡರಿನ ಅಳತೆಯಿಲ್ಲ, ಬಾಯ್ಲರಿನ ಒತ್ತಡವಿಲ್ಲ, ಮುಳುಗಿದವರ ದುಃಖವಿದೆ.

ವೈತರಣೆಗೆ ಹಾಡಿದೆ, ಎಂಜಿನಿಲ್ಲ. ಜಾಂಥೋಗೆ ಎಂಜಿನಿದೆ, ಅದರಲ್ಲಿ ಸಾಗಿದ ಕೂಲಿಗಳ ಪಾಲಿನ ಹಾಡಿಲ್ಲ. ಕಡಲಿನ ಚರಿತ್ರೆ ಬರೆಯುವವನಿಗೆ ಎರಡೂ ಬೇಕು. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲು ಬಾರದಿದ್ದರೂ, ಒಂದನ್ನು ಬಲ್ಲವನಿಗೆ ಇನ್ನೊಂದರಲ್ಲಿ ಏನು ಇಲ್ಲವೆಂಬುದು ಸ್ಪಷ್ಟವಾಗುತ್ತದೆ. ಜನಪದ ಸಾಹಿತ್ಯದ ಸಂಶೋಧಕನೂ ಲೋಹಶಾಸ್ತ್ರಜ್ಞನೂ ಒಂದೇ ಕೋಣೆಯಲ್ಲಿ ಕುಳಿತು ಮಾತಾಡಬೇಕಾದ ಅಗತ್ಯ ಇಂತಹ ಸಂದರ್ಭಗಳಲ್ಲಿ ತೋರಿಬರುತ್ತದೆ.

ಬ್ರಾಡ್‌ಹರ್ಸ್ಟನ ಬಾಳಿನಲ್ಲಿ ಕಡಲು ಮತ್ತೊಂದು ವಿಚಿತ್ರವಾದ ತಿರುವನ್ನು ಇಟ್ಟಿತ್ತು. ಜಾಂಥೋ ಮುಳುಗಿದ ಮೇಲೆ ಆತ ಹಲವು ಉದ್ಯಮಗಳಿಗೆ ಕೈಹಾಕಿ, 1880ರ ದಶಕದಲ್ಲಿ ಅಬ್ರೋಲೋಸ್ ದ್ವೀಪಗಳಲ್ಲಿ ಕಡಲಹಕ್ಕಿಗಳ ಹಿಕ್ಕೆಯ ಗೊಬ್ಬರವನ್ನು ಅಗೆಯಿಸಿ ಮಾರುವ ಕೆಲಸದಲ್ಲಿ ಏಳಿಗೆ ಕಂಡ. ಆ ಅಗೆತದಲ್ಲಿ ಹಳೆಯ ಡಚ್ ನಾವಿಕರ ವಸ್ತುಗಳು ಸಿಕ್ಕಿದವು. ಅವು ಬಟಾವಿಯದವೆಂದು ಆಗ ತಿಳಿದರು. 1727ರಲ್ಲಿ ಒಡೆದ ‘ಜೀವೈಕ್’ ಎಂಬ ಹಡಗಿನವೆಂದು ಬಳಿಕ ಗೊತ್ತಾಯಿತು. ಬ್ರಾಡ್‌ಹರ್ಸ್ಟನ ಮಗ ಫ್ಲಾರೆನ್ಸ್ ಅವನ್ನು ಜತನದಿಂದ ಸಂಗ್ರಹಿಸಿದ. ಬಟಾವಿಯದ ದುರಂತವನ್ನು ಹೇಳುವ ಹಳೆಯ ಡಚ್ ಪುಸ್ತಕವೊಂದನ್ನೂ ಸಂಪಾದಿಸಿದ. ವಿಲೆಮ್ ಸೀಬನ್‌ಹಾರ್ ಮಾಡಿದ ಅದರ ಇಂಗ್ಲಿಷ್ ಅನುವಾದ 1897ರಲ್ಲಿ ಪರ್ತ್ ನಗರದ ‘ವೆಸ್ಟರ್ನ್ ಮೇಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೇರೆಯವರ ಒಡೆದ ಹಡಗಿನ ಚೂರುಗಳನ್ನು ಆಯ್ದು ಕಾಪಾಡಿದ ಕುಟುಂಬಕ್ಕೆ, ತಮ್ಮ ಸ್ವಂತ ಹಡಗು ಮುಂದೊಂದು ದಿನ ಹೀಗೆ ಅಧ್ಯಯನದ ವಸ್ತುವಾಗುವುದೆಂಬ ಕಲ್ಪನೆ ಇದ್ದಿರಲಾರದು.

ಹಾಗಾದರೆ ತೀರದಲ್ಲಿ ಕಾಣುವ ಪ್ರತಿಯೊಂದು ಎಂಜಿನನ್ನೂ ಎತ್ತಿ ತರಬೇಕೆ? ಜಾಂಥೋವಿನ ಅನುಭವ ಹೇಳುವುದು ಇದಕ್ಕೆ ವಿರುದ್ಧವಾದ ಮಾತನ್ನು. ಒಂದು ಎಂಜಿನಿಗೆ ಎರಡು ದಶಕಗಳ ಶ್ರಮ, ತೊಟ್ಟಿ, ವಿದ್ಯುತ್ತು, ಪರಿಣತರ ಆಯುಷ್ಯ ಬೇಕಾಯಿತು. ಅಮೆರಿಕದ ಅಂತರ್ಯುದ್ಧದ ‘ಮಾನಿಟರ್’ ನೌಕೆಯ ಎಂಜಿನನ್ನು 2001ರಲ್ಲಿ ಎತ್ತಿದವರೂ ಇಂತಹದೇ ದೀರ್ಘ ಚಿಕಿತ್ಸೆಗೆ ಕೈಹಾಕಬೇಕಾಯಿತು. ಎತ್ತುವುದು ಒಂದು ದಿನದ ಕೆಲಸ. ಎತ್ತಿದ ಮೇಲಿನ ಹೊಣೆ ಒಂದು ತಲೆಮಾರಿನದು. 2001ರಲ್ಲಿ ಯುನೆಸ್ಕೊ ಅಂಗೀಕರಿಸಿದ ನೀರೊಳಗಣ ಪರಂಪರೆಯ ಒಪ್ಪಂದ, ನೂರು ವರ್ಷಕ್ಕೂ ಮಿಕ್ಕು ನೀರಿನಲ್ಲಿರುವ ಅವಶೇಷಗಳನ್ನು ಇದ್ದಲ್ಲಿಯೇ ಕಾಪಾಡುವ ದಾರಿಯನ್ನು ಮೊದಲು ಪರಿಶೀಲಿಸಬೇಕೆಂದು ಹೇಳುವುದು ಇಂತಹ ಅನುಭವಗಳ ಹಿನ್ನೆಲೆಯಲ್ಲಿಯೇ. ಮರಳು ಸರಿದಾಗ ಅಳತೆ ತೆಗೆಯಬಹುದು, ಚಿತ್ರ ಬರೆಯಬಹುದು, ಸವಕಳಿಯ ವೇಗವನ್ನು ನೋಡಬಹುದು. ಮರಳು ಮರಳಿ ಬಂದು ಮುಚ್ಚಿದಾಗ ಅದಕ್ಕೆ ಬಿಟ್ಟುಕೊಡಬಹುದು. ಮರಳಿನ ಹೊದಿಕೆಗಿಂತ ಅಗ್ಗವಾದ ಭಂಡಾರವಿಲ್ಲ.

ಜಾಂಥೋವಿನ ಎಂಜಿನು ಈಗ ಫ್ರೀಮ್ಯಾಂಟಲಿನ ನೌಕಾಭಂಗಗಳ ವಸ್ತುಸಂಗ್ರಹಾಲಯದಲ್ಲಿದೆ. ಬಿಚ್ಚಿದ ಭಾಗಗಳನ್ನು ಮತ್ತೆ ಜೋಡಿಸಿದ್ದಾರೆ. ಎರಕದ ಮೇಲ್ಪದರ ಗ್ರಾಫೈಟಾಗಿಹೋದ ಯಂ­ತ್ರದಲ್ಲಿ ಹಬೆ ತುಂಬುವ ಹಾಗಿಲ್ಲ. ಆದರೂ ಅದರ ಅಂಗಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಕೈಯಿಂದ ತಿರುಗಿಸಿದರೆ ಕ್ರ್ಯಾಂಕು ಸುತ್ತುತ್ತದೆ, ಟೊಳ್ಳು ಕೊಳವೆಯೊಳಗೆ ದಂಡ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಬೇರೆ ಬೇರೆ ಕಮ್ಮಟಗಳಲ್ಲಿ, ಪರಸ್ಪರ ಮುಖ ನೋಡದ ಕೆಲಸಗಾರರು ಒಂದೇ ಅಳತೆಗೆ ಮಾಡಿದ ಭಾಗಗಳು ನೂರು ವರ್ಷ ಕಡಲಿನಲ್ಲಿದ್ದೂ ತಮ್ಮ ಜೋಡಿಯನ್ನು ಮರೆತಿಲ್ಲ. ಪೋರ್ಟ್ ಗ್ರೆಗರಿಯ ಮರಳಿನಲ್ಲಿ ಹಡಗಿನ ಉಳಿದ ಮೈ ಇನ್ನೂ ಇದೆ. ಅದು ಅಲ್ಲಿಯೇ ಸವೆಯುತ್ತಿದೆ.